ಹಳೇ ಡೀಸೆಲ್ ಗಾಡಿಯ ಇಜಿಆರ್ (ಹೊಗೆ ವಾಪಸ್ ತಿರುಗಿಸೋ ವಾಲ್ವ್) ತೆಗೆಸೋದಾ, ಉಳಿಸೋದಾ? ತೋಟದ ರಸ್ತೆಯಲ್ಲಿ ಓಡಿಸೋರು ದಯವಿಟ್ಟು ಹೇಳಿ

ಪಾಲಿಬೆಟ್ಟ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೇಲಿ 2011ರ ಏಳು ಸೀಟಿನ ಡೀಸೆಲ್ ಗಾಡಿ ಇದೆ. 2.5 ಲೀಟರ್, ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದ ಡೀಸೆಲ್ ಇಂಜೆಕ್ಷನ್), ಟರ್ಬೊ, ಬಿಎಸ್-3 ಅನ್ನೋ ಹಳೇ ಎಮಿಷನ್ ಮಾನದಂಡದ್ದು. ಎರಡು ಲಕ್ಷ ಕಿಲೋಮೀಟರ್ ದಾಟಿದೆ. ಬೆಳಿಗ್ಗೆ ಲೈನ್ ಮನೆಯಿಂದ ಕೆಲಸದವರನ್ನ ಮೇಲಿನ ತೋಟಕ್ಕೆ ಬಿಡೋದು, ಮಧ್ಯಾಹ್ನ ಸಿದ್ದಾಪುರಕ್ಕೋ ಅಮ್ಮತ್ತಿಗೋ ಹೋಗಿ ಬರೋದು, ಸಂಜೆ ಮಕ್ಕಳನ್ನ ಶಾಲೆ ಬಸ್ಸಿಂದ ಕರ್ಕೊಂಡು ಬರೋದು, ಕೊಯ್ಲಿನ ಟೈಮಲ್ಲಿ ಕಣದ ತನಕ ಮೂಟೆ. ಬಹುತೇಕ ಒಂದು, ಎರಡನೇ ಗೇರಲ್ಲೇ ಓಡುತ್ತೆ. ಮೈಸೂರಿಗೆ ಹೋಗೋದು ಅಪರೂಪ.

ಈಗೊಂದು ಆರು ತಿಂಗಳಿಂದ ಕೆಳಗಿನ ಆರ್‌ಪಿಎಂನಲ್ಲಿ ಪಿಕಪ್ ಇಲ್ಲ. ಏರು ಶುರುವಾಗೋ ಕಡೆ ಆಕ್ಸಿಲರೇಟರ್ ಒತ್ತಿದ್ರೆ ಮೊದಲು ಕರಿ ಹೊಗೆ, ಆಮೇಲೆ ಎಳೆತ. ನಿಂತಲ್ಲಿ ಎಂಜಿನ್ ನಡುಗುತ್ತೆ. ಚೆಕ್ ಎಂಜಿನ್ ಲೈಟ್ ಒಂದು ದಿನ ಇರುತ್ತೆ, ಇನ್ನೊಂದು ದಿನ ಇರಲ್ಲ. ಪೇಟೆಯ ಗ್ಯಾರೇಜಲ್ಲಿ ತೋರಿಸಿದೆ. ಬಾನೆಟ್ ಎತ್ತಿ ಒಂದು ನಿಮಿಷ ನೋಡಿ, "ಇಜಿಆರ್ ಹೋಗಿದೆ ಸರ್, ಹೊಸದು ದುಬಾರಿ, ತೆಗೆದು ಪ್ಲೇಟ್ ಹೊಡೆದು ದಾರಿ ಮುಚ್ಚಿ ಬಿಡೋಣ, ಹಳೇ ಗಾಡಿಗೆ ಎಲ್ಲರೂ ಅದನ್ನೇ ಮಾಡಿಸ್ತಾರೆ" ಅಂದ್ರು.

ಎಲ್ಲರೂ ಮಾಡಿಸ್ತಾರೆ ಅನ್ನೋದು ನನಗೆ ಕಾರಣ ಅನಿಸ್ಲಿಲ್ಲ. ಗಾಡಿ ಇನ್ನೂ ಹತ್ತು ವರ್ಷ ಓಡಬೇಕು ಅಂತ ನನ್ನ ಆಸೆ. 15 ವರ್ಷದ ರಿನ್ಯೂವಲ್ ಕೂಡ ಇದೆ. ಮಾಡಿಸಿದವರು, ಮಾಡಿಸದವರು ಇಬ್ಬರೂ ಹೇಳಿ.

ಮಾಕುಟ್ಟ ಲೈನ್

ಅಣ್ಣ, ಕಣ್ಣು ಮುಚ್ಚಿ ತೆಗೆಸಿ. ನನ್ನ ಪಿಕಪ್‌ಗೆ ಪ್ಲೇಟ್ ಹಾಕಿಸಿ ಎಷ್ಟೋ ವರ್ಷ ಆಯ್ತು. ವಿರಾಜಪೇಟೆಯಿಂದ ಇರಿಟ್ಟಿಗೆ ಮಾಕುಟ್ಟ ಘಾಟಿಯಲ್ಲಿ ಶುಂಠಿ, ಬಾಳೆಕಾಯಿ ಹೊತ್ತು ಓಡಾಡುತ್ತೆ. ಇನ್‌ಟೇಕ್ (ಎಂಜಿನ್‌ಗೆ ಗಾಳಿ ಹೋಗೋ ದಾರಿ) ಬಿಚ್ಚಿದ್ರೆ ಒಳಗೆ ಮಸಿ ಇಲ್ಲ. ಆಯಿಲ್ ಬೇಗ ಕಪ್ಪಾಗಲ್ಲ. ಎಂಜಿನ್ ತನ್ನ ಹೊಗೇನ ತಾನೇ ಕುಡಿಯೋದು ಯಾವ ನ್ಯಾಯ? ಹೊಸ ವಾಲ್ವ್‌ಗೆ ದುಡ್ಡು ಸುರಿಯೋ ಬದಲು ಅದೇ ದುಡ್ಡಲ್ಲಿ ಟೈರ್ ಹಾಕ್ಸಿ.

ಗೋಣಿಕೊಪ್ಪ ಮೆಕ್ಯಾನಿಕ್

ಬೆಳೆಗಾರರೇ, ಬಿಚ್ಚೋ ಮೊದಲು ಒಂದು ವಿಷಯ ತಿಳ್ಕೊಳ್ಳಿ. ಇದು ಗೊತ್ತಿಲ್ದೇ ಅರ್ಧ ಜನ ಪ್ಲೇಟ್ ಹಾಕಿಸ್ತಾರೆ.

ಇಜಿಆರ್ ಅಂದ್ರೆ ಸೈಲೆನ್ಸರ್ ಕಡೆ ಹೋಗೋ ಹೊಗೇಲಿ ಒಂದು ಪಾಲನ್ನ ವಾಪಸ್ ಇನ್‌ಟೇಕ್‌ಗೆ ತಿರುಗಿಸೋ ವಾಲ್ವ್. ಡೀಸೆಲ್ ಎಂಜಿನ್‌ನಲ್ಲಿ ಅದು ತೆರೆಯೋದು ಐಡ್ಲಿಂಗ್‌ನಲ್ಲಿ, ಮತ್ತೆ ಹಗುರವಾಗಿ ಓಡಿಸುವಾಗ. ನೀವು ಆಕ್ಸಿಲರೇಟರ್ ಪೂರ್ತಿ ಒತ್ತಿದ ಕೂಡಲೇ ಇಸಿಯು, ಅಂದ್ರೆ ಎಂಜಿನ್‌ನ ಕಂಪ್ಯೂಟರ್, ಅದನ್ನ ಮುಚ್ಚಿಸಿಬಿಡುತ್ತೆ, ಯಾಕಂದ್ರೆ ಆಗ ಎಂಜಿನ್‌ಗೆ ಸಿಕ್ಕಷ್ಟೂ ಗಾಳಿ ಬೇಕು. ಅಂದ್ರೆ ಲೋಡ್ ಹಾಕಿಕೊಂಡು ಘಾಟಿ ಹತ್ತುವಾಗ, ಸರಿ ಇರೋ ಇಜಿಆರ್ ಇದ್ರೂ ಒಂದೇ, ಇಲ್ಲದಿದ್ರೂ ಒಂದೇ. ಅದು ಶಕ್ತಿ ಕದಿಯಲ್ಲ. ಮುಚ್ಚಬೇಕಾದಾಗ ಮುಚ್ಚದೆ ಅರ್ಧಕ್ಕೆ ಸಿಕ್ಕಿಹಾಕ್ಕೊಂಡ ವಾಲ್ವ್ ಕದಿಯುತ್ತೆ. ಪ್ಲೇಟ್ ಹಾಕಿಸಿದವರು "ಗಾಡಿ ಹಾರುತ್ತೆ" ಅನ್ನೋದು ಸುಳ್ಳಲ್ಲ. ಆದರೆ ಅದೇ ವಾಲ್ವ್ ಬಿಚ್ಚಿ ತೊಳೆದು ಹಾಕಿದ್ರೂ ಅಷ್ಟೇ ಹಾರ್ತಿತ್ತು. ನೆಗಡಿ ಆಯ್ತು ಅಂತ ಮೂಗು ಕೊಯ್ದುಕೊಳ್ಳೋಕಾಗಲ್ಲ ಅಲ್ವಾ.

ನಮ್ಮ ಕಡೆ ಗಾಡಿಗಳಲ್ಲಿ ಇದು ಜಾಸ್ತಿ ಕೆಡೋದಕ್ಕೆ ಕಾರಣ ನೀವೇ ಬರೆದಿದ್ದೀರಿ. ಒಂದು, ಎರಡನೇ ಗೇರು, ಕಡಿಮೆ ಆರ್‌ಪಿಎಂ, ಎಂಜಿನ್ ಸರಿಯಾಗಿ ಬಿಸಿ ಆಗೋ ಮೊದಲೇ ಆಫ್. ಕೆಲಸದವರು ಹತ್ತೋವರೆಗೆ ಹತ್ತು ನಿಮಿಷ ಐಡ್ಲಿಂಗ್. ಈ ಹೊತ್ತಲ್ಲೆಲ್ಲ ಇಜಿಆರ್ ತೆರೆದಿರುತ್ತೆ, ಹೊಗೆ ತಣ್ಣಗಿರುತ್ತೆ, ಮಸಿ ಒದ್ದೆಯಾಗಿರುತ್ತೆ. ಕ್ರ್ಯಾಂಕ್‌ಕೇಸ್‌ನಿಂದ (ಎಂಜಿನ್‌ನ ಆಯಿಲ್ ಇರೋ ಕೆಳಭಾಗ) ಬರೋ ಆಯಿಲ್ ಆವಿನೂ ಅದೇ ಇನ್‌ಟೇಕ್‌ಗೆ ಸೇರುತ್ತೆ. ಒಣ ಮಸಿ ಮಾತ್ರ ಆಗಿದ್ರೆ ಬಹುಪಾಲು ಗಾಳಿ ಜೊತೆ ಹೋಗ್ತಿತ್ತು. ಆಯಿಲ್ ಸೇರಿದಾಗ ಡಾಂಬರು ಥರ ಮೆತ್ತಿಕೊಳ್ಳುತ್ತೆ.

ಮೊದಲು ಪರೀಕ್ಷೆ. ಕರಿ ಹೊಗೆ ಬಂದ ಮಾತ್ರಕ್ಕೆ ಇಜಿಆರ್ ಅಂತ ತೀರ್ಮಾನ ಮಾಡಬಾರದು. ಹೊಗೆ ಅಂದ್ರೆ ಡೀಸೆಲ್‌ಗೆ ತಕ್ಕ ಗಾಳಿ ಇಲ್ಲ ಅಂತ ಅಷ್ಟೇ. ಏರ್ ಫಿಲ್ಟರ್ ಬಿಚ್ಚಿ ನೋಡಿ. ಫೆಬ್ರವರಿ, ಮಾರ್ಚಲ್ಲಿ ತೋಟದ ಮಣ್ಣು ರಸ್ತೆಯ ಕೆಂಪು ಧೂಳು ಅದನ್ನ ಕಟ್ಟಿಸಿಬಿಡುತ್ತೆ. ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗೋ ರಬ್ಬರ್ ಹೋಸ್ ಕೈಯಲ್ಲಿ ಸವರಿ, ಆಯಿಲ್ ಜಿನುಗಿದ ಕಡೆ ಸೀಳು ಇರುತ್ತೆ. ಇಂಜೆಕ್ಟರ್, ಟರ್ಬೊ ಆಮೇಲೆ.

ಇಜಿಆರ್‌ಗೆ ಬಂದ್ರೆ, ನಿಮ್ಮದು ವ್ಯಾಕ್ಯೂಮ್‌ನಲ್ಲಿ ಕೆಲಸ ಮಾಡೋ ಮಾದರಿ ಆಗಿದ್ರೆ ಒಂದು ಕೈ ಪಂಪ್ ಸಾಕು. ಎಂಜಿನ್ ಆಫ್ ಮಾಡಿ, ವಾಲ್ವ್ ಮೇಲಿನ ಹೋಸ್ ತೆಗೆದು ಪಂಪ್ ಹಾಕಿ ಎಳೀರಿ. ಒಳಗಿನ ಕಡ್ಡಿ ಮೇಲೇಳೋದು ಕಾಣಬೇಕು, ಬಿಟ್ಟಾಗ ಟಪ್ ಅಂತ ಕೂರಬೇಕು. ಎದ್ದಿದ್ದು ಕೂರಲಿಲ್ಲ ಅಂದ್ರೆ ಮಸಿ ಹಿಡಿದಿದೆ. ಏಳಲೇ ಇಲ್ಲ, ಪಂಪ್‌ನ ಮುಳ್ಳೂ ನಿಲ್ಲಲ್ಲ ಅಂದ್ರೆ ಒಳಗಿನ ರಬ್ಬರ್ ಪೊರೆ, ಡಯಾಫ್ರಾಮ್, ಹರಿದಿದೆ, ಆಗ ಮಾತ್ರ ಹೊಸ ವಾಲ್ವ್.

ಸ್ಕ್ಯಾನರ್ ಹಾಕಿದ್ರೆ ಗಾಳಿಯ ಲೆಕ್ಕನೂ ನೋಡಿ. 2.5 ಲೀಟರ್, ನಾಲ್ಕು ಸಿಲಿಂಡರ್, ಒಂದೊಂದು 625 ಸಿಸಿ. ನಮ್ಮ ಎತ್ತರದಲ್ಲಿ ಒಂದು ಲೀಟರ್ ಗಾಳಿ ಸುಮಾರು ಒಂದು ಗ್ರಾಂ. ಇಜಿಆರ್ ಪೂರ್ತಿ ಮುಚ್ಚಿದ್ರೆ ಐಡ್ಲಿಂಗ್‌ನಲ್ಲಿ ಒಂದು ಸ್ಟ್ರೋಕ್‌ಗೆ 500ರಿಂದ 600 ಮಿಲಿಗ್ರಾಂ ಗಾಳಿ ತೋರಿಸಬೇಕು. ತೆರೆದಾಗ ಅದು ಚೆನ್ನಾಗಿ ಕೆಳಗಿಳಿಯಬೇಕು. ಮುಚ್ಚು ಅಂತ ಇಸಿಯು ಹೇಳಿದ ಮೇಲೂ ಲೆಕ್ಕ ಮೇಲೇರದೆ ಕೆಳಗೇ ಉಳಿದ್ರೆ ವಾಲ್ವ್ ಕೂತಿಲ್ಲ.

ನಾಪೋಕ್ಲು ಹುಡುಗ

ಬಂಕಲ್ಲಿ ಡೀಸೆಲ್ ಟ್ಯಾಂಕಿಗೆ ಹಾಕೋ ಕ್ಲೀನರ್ ಬಾಟಲಿ ಸಿಗುತ್ತಲ್ಲ, ಅದರಿಂದ ಇಜಿಆರ್ ಕ್ಲೀನ್ ಆಗಲ್ವಾ?

ಗೋಣಿಕೊಪ್ಪ ಮೆಕ್ಯಾನಿಕ್

ಆಗಲ್ಲ ತಮ್ಮ. ಡೀಸೆಲ್ ಇಂಜೆಕ್ಟರ್‌ನಿಂದ ನೇರ ಸಿಲಿಂಡರ್ ಒಳಗೆ ಬೀಳುತ್ತೆ, ಇನ್‌ಟೇಕ್ ದಾರೀಲಿ ಹಾಯೋದೇ ಇಲ್ಲ. ಟ್ಯಾಂಕಿಗೆ ಏನು ಸುರಿದ್ರೂ ಅದು ಮ್ಯಾನಿಫೋಲ್ಡ್‌ನ (ಸಿಲಿಂಡರ್‌ಗಳಿಗೆ ಗಾಳಿ ಹಂಚೋ ಪೈಪು) ಮಸಿಯನ್ನ ಮುಟ್ಟಲ್ಲ. ಇಂಜೆಕ್ಟರ್‌ಗೆ ಸ್ವಲ್ಪ ಒಳ್ಳೇದು ಆಗಬಹುದು.

ಮಾಕುಟ್ಟ ಲೈನ್

ಮೆಕ್ಯಾನಿಕ್ ಅಣ್ಣ, ನೀವು ಹೇಳಿದ್ದು ಒಪ್ಪಿದೆ. ಆದ್ರೆ ತೊಳೆದ್ರೆ ಮತ್ತೆ ಎರಡು ವರ್ಷಕ್ಕೆ ಕಟ್ಟುತ್ತೆ. ಮುಚ್ಚಿಸಿದ್ರೆ ಜನ್ಮಕ್ಕೆ ಕಟ್ಟಲ್ಲ. ಇನ್‌ಟೇಕ್ ಕ್ಲೀನ್, ಆಯಿಲ್ ಕ್ಲೀನ್. ಅದಕ್ಕೆ ಉತ್ತರ ಹೇಳಿ.

ಗೋಣಿಕೊಪ್ಪ ಮೆಕ್ಯಾನಿಕ್

ಅದು ನಿಜ, ಅಲ್ಲ ಅನ್ನಲ್ಲ. ಇಜಿಆರ್ ಇಲ್ಲದ ಎಂಜಿನ್‌ನ ಇನ್‌ಟೇಕ್ ನಾನು ಬಿಚ್ಚಿದ್ದೀನಿ, ಒಳಗೆ ಬರೀ ಆಯಿಲ್ ಪಸೆ ಇರುತ್ತೆ. ಆಯಿಲ್‌ಗೆ ಸೇರೋ ಮಸಿನೂ ಕಡಿಮೆ. ಆದರೆ ನಿಮ್ಮ ಗಾಡಿ ಹಳೇ ಮೆಕ್ಯಾನಿಕಲ್ ಪಂಪಿಂದು, ಇಸಿಯು ಕೇಳೋದಿಲ್ಲ. ಇವರದು ಕಾಮನ್ ರೈಲ್. ವಾಲ್ವ್ ತೆರೆದಿದ್ದೀನಿ, ಗಾಳಿ ಇಷ್ಟು ಇಳಿಯಬೇಕು ಅಂತ ಇಸಿಯು ಕಾಯ್ತಾ ಇರುತ್ತೆ. ಪ್ಲೇಟ್ ಹಾಕಿದ್ರೆ ಇಳಿಯಲ್ಲ. ಹೊಗೆ ಸಾಕಷ್ಟು ವಾಪಸ್ ಬರ್ತಿಲ್ಲ ಅನ್ನೋ ಪಿ0401 ಕೋಡ್ ಬರುತ್ತೆ, ಲೈಟ್ ಹತ್ತುತ್ತೆ, ಕೆಲವು ಗಾಡಿ ಲಿಂಪ್ ಮೋಡ್‌ಗೆ ಹೋಗಿ ಎಳೆತವೇ ನಿಂತುಹೋಗುತ್ತೆ. ಆಗ ಪ್ಲೇಟಲ್ಲಿ ಆರೋ ಎಂಟೋ ಎಂಎಂ ತೂತು ಕೊರೀತಾರೆ, ಲೈಟ್ ಆರುತ್ತೆ, ಮಸಿ ನಿಧಾನಕ್ಕೆ ಮತ್ತೆ ಶುರು. ಇಲ್ಲಾಂದ್ರೆ ಇಸಿಯು ರೀಮ್ಯಾಪ್ ಮಾಡಿಸಿ, ಅಂದ್ರೆ ಅದರ ಸಾಫ್ಟ್‌ವೇರ್ ಬದಲಾಯಿಸಿ, ಇಜಿಆರ್ ಇದೆ ಅನ್ನೋದನ್ನೇ ಅಳಿಸ್ತಾರೆ. ಆಮೇಲೆ ಬೇರೆ ತೊಂದರೆ ಬಂದಾಗ ಕಂಪನಿಯ ಸ್ಕ್ಯಾನರ್ ಓದೋದು ಯಾರ ಫೈಲು ಅಂತ ಯಾರಿಗೂ ಗೊತ್ತಿರಲ್ಲ. ಅಂಥ ಗಾಡಿ ನನ್ನ ಹತ್ರ ಬಂದ್ರೆ ಕಾಯಿಲೆ ಹುಡುಕೋಕೆ ಎರಡರಷ್ಟು ಹೊತ್ತು.

ಇನ್ನೊಂದು. ಇಂಜೆಕ್ಷನ್ ಟೈಮಿಂಗ್ ಎಲ್ಲ ಇಜಿಆರ್ ಇದೆ ಅಂತ ಇಟ್ಕೊಂಡೇ ಹೊಂದಿಸಿರ್ತಾರೆ. ಅದು ಇಲ್ದಿದ್ರೆ ಹಗುರ ಓಟದಲ್ಲಿ ಬಡಿತ ಜಾಸ್ತಿ ಕೇಳುತ್ತೆ. ಕಕ್ಕಡ ಮಾಸದ ಚಳಿ ಮಳೆಯಲ್ಲಿ ಎಂಜಿನ್ ಬಿಸಿ ಆಗೋದೂ ತಡ ಆಗುತ್ತೆ.

ಮಡಿಕೇರಿ ಮೇಷ್ಟ್ರು

ನಾನು ರಸಾಯನಶಾಸ್ತ್ರ ಕಲಿಸುವವನು, ಗಾಡಿಯ ಒಳಗಿನ ಕೆಲಸ ಮೆಕ್ಯಾನಿಕ್ ಅವರಿಗೇ ಬಿಡುತ್ತೇನೆ. ಆದರೆ ಈ ಚರ್ಚೆಯಲ್ಲಿ ಎಲ್ಲರೂ ಎಂಜಿನ್ ಒಳಗೆ ಏನಾಗುತ್ತದೆ ಎಂದು ನೋಡುತ್ತಿದ್ದೀರಿ, ಸೈಲೆನ್ಸರ್ ತುದಿಯಲ್ಲಿ ಏನು ಬರುತ್ತದೆ ಎಂದು ಯಾರೂ ಕೇಳಿಲ್ಲ. ಆ ವಾಲ್ವ್ ಅಲ್ಲಿರುವುದೇ ಅದಕ್ಕಾಗಿ.

ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಸಾರಜನಕ. ಸಾಮಾನ್ಯವಾಗಿ ಅದು ಯಾವುದರ ಜೊತೆಗೂ ಸೇರುವುದಿಲ್ಲ. ಆದರೆ ಸಿಲಿಂಡರ್ ಒಳಗೆ ಉರಿ 1,500 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದು ಆಮ್ಲಜನಕದೊಂದಿಗೆ ಕೂಡಿ ನೈಟ್ರಿಕ್ ಆಕ್ಸೈಡ್ ಆಗುವ ವೇಗ ಜೋರಾಗುತ್ತದೆ. ಹೊರಗೆ ಬಂದು ಅದರಲ್ಲಿ ಒಂದು ಪಾಲು ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಎರಡನ್ನೂ ಸೇರಿಸಿ ನಾಕ್ಸ್ ಅನ್ನುತ್ತೇವೆ. ಒಮ್ಮೆ ಉರಿದ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್, ನೀರಿನ ಆವಿ ಹೆಚ್ಚು, ಆಮ್ಲಜನಕ ಕಡಿಮೆ. ಅದನ್ನು ಒಳಗೆ ಬೆರೆಸಿದರೆ ಉರಿಯ ಶಾಖವನ್ನು ಅದು ಹೀರಿಕೊಳ್ಳುತ್ತದೆ, ತುದಿ ಉಷ್ಣತೆ ಇಳಿಯುತ್ತದೆ, ನಾಕ್ಸ್ ಕಡಿಮೆಯಾಗುತ್ತದೆ. ಎಂಜಿನ್ ತನ್ನ ಹೊಗೆಯನ್ನು ತಾನೇ ಕುಡಿಯುವುದು ಯಾವ ನ್ಯಾಯ ಎಂದು ಕೇಳಿದಿರಲ್ಲ, ನ್ಯಾಯ ಇದೇ. ಅದರ ಬೆಲೆಯಾಗಿ ಮಸಿ ಸ್ವಲ್ಪ ಹೆಚ್ಚುತ್ತದೆ. ಇಜಿಆರ್ ತೆಗೆದರೆ ಲೆಕ್ಕ ತಿರುಗುಮುರುಗು: ಕಣ್ಣಿಗೆ ಕಾಣುವ ಕರಿ ಹೊಗೆ ಇಳಿಯುತ್ತದೆ, ಕಾಣದ ನಾಕ್ಸ್ ಏರುತ್ತದೆ. ಹಾಗಾಗಿಯೇ ತೆಗೆಸಿದವರಿಗೆ ಗಾಡಿ ಮೊದಲಿಗಿಂತ ಶುದ್ಧವಾಗಿದೆ ಎಂದು ನಿಜವಾಗಿ ಅನಿಸುತ್ತದೆ.

ನೈಟ್ರೋಜನ್ ಡೈಆಕ್ಸೈಡ್ ಉಸಿರುನಾಳವನ್ನು ಕೆರಳಿಸುತ್ತದೆ, ಆಸ್ತಮಾ ಇರುವವರಿಗೆ ಕಷ್ಟ ಕೊಡುತ್ತದೆ, ಬಿಸಿಲಿನಲ್ಲಿ ಓಝೋನ್ ಹುಟ್ಟಲು ಕಾರಣವಾಗುತ್ತದೆ. ನೆಲಮಟ್ಟದ ಓಝೋನ್ ಎಲೆಗಳಿಗೂ ಕೇಡು. ನಮ್ಮ ದೇಶದ 2009ರ ಮಾನದಂಡದಲ್ಲಿ ಗಾಳಿಯಲ್ಲಿ ಇದರ ವಾರ್ಷಿಕ ಸರಾಸರಿ ಘನ ಮೀಟರಿಗೆ 40 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು 10ಕ್ಕೆ ಇಳಿಸಲು ಹೇಳಿತು. ಗಾಡಿಗಳ ಮಿತಿಯೂ ಇಳಿಯುತ್ತಲೇ ಬಂತು: ಡೀಸೆಲ್ ಕಾರಿಗೆ ಕಿಲೋಮೀಟರಿಗೆ ಬಿಎಸ್-3ರಲ್ಲಿ 0.50 ಗ್ರಾಂ ನಾಕ್ಸ್, ಬಿಎಸ್-4ರಲ್ಲಿ 0.25, ಬಿಎಸ್-6ರಲ್ಲಿ 0.08. ನಮ್ಮ ಹಳೆಯ ಗಾಡಿಗಳು ಮೊದಲೇ ಹೊಸದರ ಮಿತಿಯ ಆರು ಪಟ್ಟು ಬಿಡಬಹುದು. ಇರುವ ಒಂದು ತಡೆಯನ್ನೂ ತೆಗೆಯುವುದು ನನಗೆ ಒಪ್ಪಿಗೆಯಿಲ್ಲ.

ಕೊಡಗಿನ ಗಾಳಿ ಶುದ್ಧ, ನಾಲ್ಕು ಗಾಡಿಯಿಂದ ಏನಾಗುತ್ತದೆ ಎನ್ನುವವರಿದ್ದಾರೆ. ಹೊಗೆ ಮೊದಲು ಸೇರುವುದು ಜಿಲ್ಲೆಯ ಗಾಳಿಗಲ್ಲ, ಗಾಡಿಯ ಹಿಂದೆ ನಿಂತವರ ಎದೆಗೆ. ಡಿಸೆಂಬರ್ ಬೆಳಿಗ್ಗೆ ಕಣಿವೆಯಲ್ಲಿ ಮಂಜು ಕೂತಿರುವಾಗ ತಣ್ಣನೆಯ ಗಾಳಿ ಕೆಳಗೇ ನಿಂತಿರುತ್ತದೆ, ಹೊಗೆ ಮೇಲೇರುವುದಿಲ್ಲ. ಲೈನ್ ಮನೆಯ ಮುಂದೆ ಗಾಡಿ ಸ್ಟಾರ್ಟ್ ಆಗಿ ನಿಂತಿದೆ, ಹತ್ತಲು ಕಾಯುವ ಹೆಂಗಸರು, ಅವರ ಸೀರೆ ಹಿಡಿದ ಮಕ್ಕಳು ಸರಿಯಾಗಿ ಸೈಲೆನ್ಸರ್ ಪಕ್ಕದಲ್ಲಿ. ಅವರನ್ನು ಲೆಕ್ಕಕ್ಕೆ ತೆಗೆದುಕೊಂಡು ತೀರ್ಮಾನ ಮಾಡಿ ಎಂದಷ್ಟೇ ನನ್ನ ವಿನಂತಿ.

ಪಾಲಿಬೆಟ್ಟ ಬೆಳೆಗಾರ

ಮೇಷ್ಟ್ರೇ, ನಮ್ಮ ಅಂಗಳದಲ್ಲಿ ದಿನಾ ನಡೆಯೋದು ಅದೇ. ನಾಳೆಯಿಂದಲೇ ಎಲ್ಲರೂ ಹತ್ತಿ ಕೂತ ಮೇಲೆ ಸ್ಟಾರ್ಟ್ ಮಾಡೋಕೆ ಡ್ರೈವರ್‌ಗೆ ಹೇಳ್ತೀನಿ. ಕಾನೂನಿನ ಕಡೆಯಿಂದ ಏನಾದ್ರೂ ತೊಂದರೆ ಇದೆಯಾ? ಎಮಿಷನ್ ಟೆಸ್ಟ್ ಪಾಸಾಗುತ್ತೆ ಅಂತ ಗ್ಯಾರೇಜಲ್ಲಿ ಗ್ಯಾರಂಟಿ ಕೊಟ್ರು.

ಕುಶಾಲನಗರದವ

ಗಾಡಿ ಪೇಪರ್ ಕೆಲಸ ನನ್ನ ಹೊಟ್ಟೆಪಾಡು, ಅದಕ್ಕೆ ಇದಕ್ಕೆ ಉತ್ತರ ಕೊಡ್ತೀನಿ.

ಎಮಿಷನ್ ಟೆಸ್ಟ್ ಪಾಸಾಗುತ್ತೆ, ಆ ಮಾತು ನಿಜ. ಯಾಕಂದ್ರೆ ಡೀಸೆಲ್ ಗಾಡಿಗೆ ಅಲ್ಲಿ ಅಳೆಯೋದು ಹೊಗೆಯ ದಟ್ಟಣೆ ಮಾತ್ರ. ನಿಂತಲ್ಲೇ ಆಕ್ಸಿಲರೇಟರ್ ಪೂರ್ತಿ ಒತ್ತಿ ಬಿಡ್ತಾರೆ, ಮೀಟರ್ ಓದುತ್ತೆ. ಬಿಎಸ್-4ಕ್ಕಿಂತ ಹಳೆಯದಕ್ಕೆ 65 ಹಾರ್ಟ್‌ರಿಜ್ ಯೂನಿಟ್, ಬಿಎಸ್-4ಕ್ಕೆ 50. ನಾಕ್ಸ್ ಅಳೆಯೋದೇ ಇಲ್ಲ. ಮೇಷ್ಟ್ರು ಹೇಳಿದ ಹಾಗೆ ಇಜಿಆರ್ ತೆಗೆದ್ರೆ ಕರಿ ಹೊಗೆ ಕಡಿಮೆ ಆಗೋದರಿಂದ ಟೆಸ್ಟಲ್ಲಿ ಇನ್ನೂ ಒಳ್ಳೆ ನಂಬರ್ ಬರುತ್ತೆ. ಆದ್ರೆ ಟೆಸ್ಟ್ ಪಾಸಾಗೋದೂ ಕಾನೂನಿಗೆ ಸರಿ ಹೋಗೋದೂ ಒಂದೇ ಅಲ್ಲ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿನ ಬಗ್ಗೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಪ್ರಕಾರ ಅನುಮತಿ ಇಲ್ಲದ ಮಾರ್ಪಾಡು ಮಾಡಿದ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. 190(2) ವಾಯುಮಾಲಿನ್ಯದ ಮಾನದಂಡ ಮೀರಿದ ಗಾಡಿ ಓಡಿಸೋರಿಗೆ. ಮೊದಲ ಸಲ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ಆರ್‌ಸಿಯಲ್ಲಿ ಇಜಿಆರ್ ಅಂತ ಬರೆದಿಲ್ಲವಲ್ಲ ಅಂತ ವಾದ ಮಾಡೋರು 190(2) ಓದಿರಲ್ಲ.

ರಸ್ತೇಲಿ ಯಾರೂ ಬಾನೆಟ್ ಎತ್ತಿ ಇಜಿಆರ್ ಹುಡುಕೋದಿಲ್ಲ, ಅದೂ ಗೊತ್ತು. ಆದ್ರೆ 15 ವರ್ಷ ತುಂಬಿದ ಮೇಲೆ ಗಾಡಿ ತೋರಿಸಿಯೇ ಐದು ವರ್ಷಕ್ಕೆ ರಿನ್ಯೂ ಮಾಡಿಸ್ಕೋಬೇಕು. ಚೆಕ್ ಎಂಜಿನ್ ಲೈಟ್ ಉರೀತಾ ಇರೋ ಗಾಡಿ ತಗೊಂಡು ಹೋಗ್ಬೇಡಿ. ನಿಮ್ಮದು ಬಿಎಸ್-3 ಆಗಿರೋದ್ರಿಂದ ಎಮಿಷನ್ ಸರ್ಟಿಫಿಕೇಟ್ ಆರು ತಿಂಗಳಿಗೊಮ್ಮೆ ಮಾಡಿಸ್ಬೇಕು ಅನ್ನೋದೂ ನೆನಪಿರಲಿ, ತುಂಬಾ ಜನ ವರ್ಷಕ್ಕೆ ಅಂದ್ಕೊಂಡಿರ್ತಾರೆ. ವರ್ಷದ ಅವಧಿ ಬಿಎಸ್-4 ಮತ್ತು 6ಕ್ಕೆ.

ಸುಂಟಿಕೊಪ್ಪದವ, ಈಗ ಬೆಂಗಳೂರು

ರೀಮ್ಯಾಪ್ ವಿಷಯಕ್ಕೆ ಒಂದು ಮಾತು. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಫೋಕ್ಸ್‌ವ್ಯಾಗನ್‌ಗೆ ನೋಟಿಸ್ ಕೊಟ್ಟಿದ್ದು ಇಂಥದ್ದಕ್ಕೇ. ಪರೀಕ್ಷೆ ನಡೀತಿದೆ ಅಂತ ಗೊತ್ತಾದಾಗ ಮಾತ್ರ ನಾಕ್ಸ್ ತಡೆಯೋ ವ್ಯವಸ್ಥೆ ಪೂರ್ತಿ ಕೆಲಸ ಮಾಡೋ ಹಾಗೆ ಸಾಫ್ಟ್‌ವೇರ್ ಬರೆದಿದ್ರು. ರಸ್ತೇಲಿ ಕೆಲವು ಗಾಡಿ ಮಿತಿಯ 40 ಪಟ್ಟುವರೆಗೆ ಬಿಡ್ತಿತ್ತು. ಜಗತ್ತಿನಲ್ಲಿ ಸುಮಾರು 1.1 ಕೋಟಿ ಗಾಡಿ. ಕಂಪನಿ ಮಾಡಿದ್ದು ಅಪರಾಧ ಅಂತ ಇಡೀ ಲೋಕ ಒಪ್ಪಿತು. ಅದೇ ಕೆಲಸ ನಾವು ದುಡ್ಡು ಕೊಟ್ಟು ಒಂದೊಂದೇ ಗಾಡಿಗೆ ಮಾಡಿಸಿದ್ರೆ ಅದು ಬೇರೆ ಹೇಗಾಗುತ್ತೆ?

ಬಿಎಸ್-4ರ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಇರೋ ಗಾಡಿ, ಬಿಎಸ್-6 ಗಾಡಿ ಇಟ್ಕೊಂಡವರು ಇದನ್ನ ಓದ್ತಿದ್ರೆ ದಯವಿಟ್ಟು ಆ ಕಡೆ ತಲೆನೇ ಹಾಕ್ಬೇಡಿ. ಅವುಗಳಲ್ಲಿ ಒಂದಕ್ಕೊಂದು ಕೊಂಡಿ ಹಾಕಿರ್ತಾರೆ. ಒಂದು ಕಿತ್ತರೆ ಉಳಿದದ್ದೆಲ್ಲ ಕೂಗುತ್ತೆ.

ನಾಪೋಕ್ಲು ಹುಡುಗ

ನನ್ನದು ಬೇರೆ ಸಮಸ್ಯೆ, ಇಲ್ಲೇ ಕೇಳ್ತೀನಿ. ಕೂಲೆಂಟ್ ಕಡಿಮೆ ಆಗ್ತಾ ಇದೆ, ಎಲ್ಲೂ ಸೋರೋದು ಕಾಣಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ, ಸಿಹಿ ವಾಸನೆ. ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಬಿಚ್ಚಬೇಕು ಅಂತಿದ್ದಾರೆ.

ಗೋಣಿಕೊಪ್ಪ ಮೆಕ್ಯಾನಿಕ್

ಹೆಡ್ ಬಿಚ್ಚೋ ಮೊದಲು ಇಜಿಆರ್ ಕೂಲರ್ ಬಿಚ್ಚಿಸಿ, ತಮ್ಮ. ಹೊಗೇನ ತಣ್ಣಗೆ ಮಾಡೋಕೆ ಅದರ ಸುತ್ತ ಕೂಲೆಂಟ್ ಹರಿಯುತ್ತೆ. ಒಳಗೆ ಬಿರುಕು ಬಿಟ್ರೆ ಕೂಲೆಂಟ್ ನೇರ ಇನ್‌ಟೇಕ್‌ಗೆ ಇಳಿಯುತ್ತೆ. ಗುರುತು ಎಲ್ಲ ಹೆಡ್ ಗ್ಯಾಸ್ಕೆಟ್ ಥರಾನೇ. ಕೂಲರ್ ಬಿಚ್ಚಿ ಒಂದು ತುದಿ ಮುಚ್ಚಿ ಗಾಳಿ ಕೊಟ್ಟು ನೀರಲ್ಲಿ ಮುಳುಗಿಸಿದ್ರೆ ಗುಳ್ಳೆ ಬರುತ್ತೆ. ಸೋರ್ತಾ ಇದ್ರೆ ಆ ಗಾಡಿ ಓಡಿಸ್ಬೇಡಿ. ಸಿಲಿಂಡರಲ್ಲಿ ನೀರು ನಿಂತು ಸ್ಟಾರ್ಟ್ ಹೊಡೆದ್ರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ಹೊಸ ಕೂಲರ್ ಬರೋವರೆಗೆ ಕೂಲರ್‌ನ ಬೈಪಾಸ್ ಮಾಡಿ ಇಡೋದನ್ನ ನಾನು ತಪ್ಪು ಅನ್ನಲ್ಲ. ಪಾರ್ಟ್ ಬಂದ ದಿನ ಮತ್ತೆ ಸೇರಿಸಬೇಕು, ಅಷ್ಟೇ.

ಈಗ ಬೆಳೆಗಾರರಿಗೆ, ವಾಲ್ವ್ ತೊಳೆಯೋ ವಿಧಾನ. ಎಂಜಿನ್ ಪೂರ್ತಿ ತಣ್ಣಗಾಗಿರಲಿ, ಬ್ಯಾಟರಿ ಟರ್ಮಿನಲ್ ತೆಗೀರಿ. ನಟ್‌ಗಳಿಗೆ ಹಿಂದಿನ ರಾತ್ರಿನೇ ರಸ್ಟ್ ರಿಮೂವರ್ ಹೊಡೆದು ಬಿಡಿ. ನಮ್ಮ ಮಳೆಗೆ ಸ್ಟಡ್ ತುಕ್ಕು ಹಿಡಿದಿರುತ್ತೆ, ಬಲ ಹಾಕಿದ್ರೆ ಮುರಿದು ಕೂರುತ್ತೆ. ವಾಲ್ವ್ ಕೆಳಗೆ ಬಂದ ಮೇಲೆ ಕಾರ್ಬ್ ಕ್ಲೀನರ್ ಮಸಿ ಇರೋ ಕಡೆ ಮಾತ್ರ. ಡಯಾಫ್ರಾಮ್ ರಬ್ಬರ್‌ಗೆ, ಎಲೆಕ್ಟ್ರಿಕ್ ಮಾದರಿ ಆದ್ರೆ ಮೋಟರ್‌ಗೆ ತಾಗಬಾರದು. ಕಬ್ಬಿಣದ ಸ್ಕ್ರೂಡ್ರೈವರ್‌ನಿಂದ ಕೆರೀಬೇಡಿ, ವಾಲ್ವ್ ಕೂರೋ ಅಂಚು ಗೀರಾದ್ರೆ ಮತ್ತೆ ಸೋರುತ್ತೆ. ಬಿದಿರು ಕಡ್ಡಿ ಚೂಪು ಮಾಡ್ಕೊಳ್ಳಿ, ಹಲ್ಲುಜ್ಜೋ ಬ್ರಷ್ ಸಾಕು. ಹೊಸ ಪ್ಯಾಕಿಂಗ್ ಹಾಕಿ.

ಒಂದನ್ನ ಮಾತ್ರ ಮಾಡ್ಬೇಡಿ. ಎಂಜಿನ್ ಓಡ್ತಾ ಇರುವಾಗ ಇನ್‌ಟೇಕ್ ಪೈಪ್ ಒಳಗೆ ಕ್ಲೀನರ್ ಸ್ಪ್ರೇ ಹೊಡೆಯೋ ವಿಡಿಯೊಗಳು ಓಡಾಡ್ತಿವೆ. ಡೀಸೆಲ್ ಎಂಜಿನ್‌ಗೆ ಸಿಕ್ಕಿದ್ದೆಲ್ಲ ಇಂಧನ. ತಾನಾಗೇ ಆರ್‌ಪಿಎಂ ಏರಿ ನಿಲ್ಲದೆ ಹೋಗಬಹುದು. ಮಸಿಯ ಗಟ್ಟಿ ಹೆಂಟೆ ಕಿತ್ತು ಬಂದು ಇನ್‌ಟೇಕ್ ವಾಲ್ವ್ ಅಡಿ ಸಿಕ್ಕಿದ್ರೆ ಅದು ಇನ್ನೊಂದು ಕಥೆ.

ಪಾಲಿಬೆಟ್ಟ ಬೆಳೆಗಾರ

ಬಿಚ್ಚಿಸಿದೆ. ಮೆಕ್ಯಾನಿಕ್ ಅವರು ಹೇಳಿದ ಕ್ರಮದಲ್ಲೇ ನೋಡ್ತಾ ಹೋದ್ವಿ, ಅದಕ್ಕೇ ಒಂದರ ಬದಲು ಎರಡು ಕಾಯಿಲೆ ಸಿಕ್ಕಿತು.

ಏರ್ ಫಿಲ್ಟರ್ ಪರವಾಗಿಲ್ಲ. ಇಂಟರ್‌ಕೂಲರ್ ಹೋಸ್ ಒಣಗಿದೆ, ಸೀಳಿಲ್ಲ. ವ್ಯಾಕ್ಯೂಮ್ ಹೋಸ್ ಹಿಡಿದು ಹಿಂದಕ್ಕೆ ಹೋದ್ರೆ, ಸೊಲೆನಾಯ್ಡ್‌ಗೆ (ವ್ಯಾಕ್ಯೂಮ್ ಬಿಡೋ, ತಡೆಯೋ ಎಲೆಕ್ಟ್ರಿಕ್ ಸ್ವಿಚ್ಚು) ಸೇರೋ ತುದಿಯಲ್ಲಿ ಇಲಿ ಕಡಿದಿದೆ. ಪೂರ್ತಿ ತುಂಡಾಗಿಲ್ಲ, ಒಂದು ಬದಿ ರಬ್ಬರ್ ಹಲ್ಲಿನ ಗುರುತಿನ ಸಮೇತ ತೆಳ್ಳಗಾಗಿ ಬಾಯಿ ಬಿಟ್ಟಿದೆ. ಎಂಜಿನ್ ಅಲುಗಾಡಿದಾಗ ಒಮ್ಮೆ ಮುಚ್ಚುತ್ತೆ, ಒಮ್ಮೆ ತೆರೆಯುತ್ತೆ. ಲೈಟ್ ಬಂದು ಹೋಗಿ ಮಾಡ್ತಿದ್ದಿದ್ದು ಇದರಿಂದಲೇ ಇರಬೇಕು. ಗಾಡಿ ನಿಲ್ಲೋದು ಗೊಬ್ಬರದ ಶೆಡ್ ಪಕ್ಕ, ಇಲಿಗೆ ಬರ ಇಲ್ಲ.

ಆಮೇಲೆ ವಾಲ್ವ್. ಕೈ ಪಂಪ್ ಎಳೆದ್ರೆ ಕಡ್ಡಿ ಏಳುತ್ತೆ, ಬಿಟ್ರೆ ಪೂರ್ತಿ ಇಳಿಯಲ್ಲ, ಕೊನೆಗೆ ಒಂದು ಮೂರು ಎಂಎಂ ಎತ್ತರದಲ್ಲೇ ನಿಲ್ಲುತ್ತೆ. ಬಿಚ್ಚಿ ತಿರುಗಿಸಿ ನೋಡಿದ್ರೆ ಕೂರೋ ಅಂಚಿನ ಸುತ್ತ ಮಸಿ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಅದರ ಮೇಲೆ ಇನ್ನೊಂದು ಪದರ, ಬೆರಳು ಒತ್ತಿದ್ರೆ ಇಳಿಯೋ ಅಂಟು. ವಾಲ್ವ್ ಕೂರೋ ತೂತಿನಿಂದ ಟಾರ್ಚ್ ಬಿಟ್ಟು ಮ್ಯಾನಿಫೋಲ್ಡ್ ಒಳಗೆ ನೋಡಿದೆ. ಹೆಬ್ಬೆರಳು ತೂರೋಷ್ಟು ದಾರಿ ಮಾತ್ರ ಉಳಿದಿದೆ. ಇಷ್ಟು ದಿನ ಈ ಎಂಜಿನ್ ಉಸಿರಾಡಿದ್ದೇ ದೊಡ್ಡದು.

ವಾಲ್ವ್ ತೊಳೆದು, ಹೊಸ ಪ್ಯಾಕಿಂಗ್ ಹಾಕಿ, ಹೋಸ್ ಬದಲಾಯಿಸಿ, ಸ್ಕ್ಯಾನರಲ್ಲಿ ಕೋಡ್ ಅಳಿಸಿದ್ವಿ. ಪಿ0402 ಇತ್ತು, ಹೊಗೆ ಬೇಕಾದ್ದಕ್ಕಿಂತ ಜಾಸ್ತಿ ವಾಪಸ್ ಬರ್ತಿದೆ ಅನ್ನೋ ಕೋಡಂತೆ. ಐಡ್ಲಿಂಗ್ ನಡುಕ ನಿಂತಿದೆ. ಕಣದಿಂದ ಮೇಲೆ ಬರೋ ಏರಲ್ಲಿ ಹೊಗೆ ಇಲ್ಲ, ಕೆಳಗಿನ ಆರ್‌ಪಿಎಂನಲ್ಲೇ ಎಳೆಯುತ್ತೆ. ಆದ್ರೆ ಗಾಳಿ ಲೆಕ್ಕ ವಾಲ್ವ್ ಮುಚ್ಚಿದಾಗ 470 ತೋರಿಸ್ತು, ನೀವು ಹೇಳಿದ 500 ಮುಟ್ಟಿಲ್ಲ.

ಮಾಕುಟ್ಟ ಲೈನ್

ಇಲಿ ಕಡಿದ ಹೋಸ್‌ಗೆ ಪ್ಲೇಟ್ ಹೊಡೆಯೋಕೆ ಹೊರಟಿದ್ರಲ್ಲ ಆ ಗ್ಯಾರೇಜವರು. ಪರೀಕ್ಷೆ ಮಾಡ್ದೇ ಬಿಚ್ಚಬಾರದು ಅನ್ನೋದು ಪೂರ್ತಿ ಒಪ್ಪಿದೆ. ಆದ್ರೆ ನನ್ನ ಗಾಡಿ ವಿಷಯದಲ್ಲಿ ನಾನು ಇನ್ನೂ ಬದಲಾಗಿಲ್ಲ. ಘಾಟಿ ಗಾಡಿ, ದಿನಾ ಬಿಸಿ ಆಗಿ ಓಡುತ್ತೆ, ಮೆಕ್ಯಾನಿಕಲ್ ಪಂಪ್, ಅಷ್ಟು ಲೋಡಲ್ಲಿ ಇಜಿಆರ್ ತೆರೆಯೋದೇ ಕಡಿಮೆ ಅಂತ ನೀವೇ ಹೇಳಿದ್ರಿ.

ಮಡಿಕೇರಿ ಮೇಷ್ಟ್ರು

ಲೋಡ್ ಹೊತ್ತು ಹತ್ತುವಾಗ ಹೌದು. ಇರಿಟ್ಟಿಯಲ್ಲಿ ಖಾಲಿ ಮಾಡಿ ಹಗುರವಾಗಿ ವಾಪಸ್ ಬರುವಾಗ, ವಿರಾಜಪೇಟೆ ಪೇಟೆಯೊಳಗೆ ತೆವಳುವಾಗ, ಚೆಕ್‌ಪೋಸ್ಟ್‌ನಲ್ಲಿ ಸ್ಟಾರ್ಟ್ ಇಟ್ಟು ನಿಂತಾಗ ತೆರೆಯುತ್ತಿತ್ತು. ಜನ ಇರುವುದೂ ಅಲ್ಲೇ. ದಿನಾ ಬಿಸಿಯಾಗಿ ಓಡುವ ಗಾಡಿಯಲ್ಲಿ ವಾಲ್ವ್ ಕಟ್ಟಿಕೊಳ್ಳುವುದೂ ಕಡಿಮೆ, ಹಾಗಾಗಿ ಉಳಿಸಿಕೊಳ್ಳುವುದು ನಿಮಗೆ ಎಲ್ಲರಿಗಿಂತ ಸುಲಭ. ಒಮ್ಮೆ ಪ್ಲೇಟ್ ತೆಗೆದು ನೋಡಿ.

ಮಾಕುಟ್ಟ ಲೈನ್

ಹಳೇ ವಾಲ್ವ್ ಶೆಡ್ಡಲ್ಲೇ ಬಿದ್ದಿದೆ. ಕಡ್ಡಿ ಅಲುಗುತ್ತಾ ನೋಡ್ತೀನಿ ಮೇಷ್ಟ್ರೇ. ಮಾತು ಕೊಡಲ್ಲ.

ಗೋಣಿಕೊಪ್ಪ ಮೆಕ್ಯಾನಿಕ್

ಬೆಳೆಗಾರರೇ, 470 ಅಂದ್ರೆ ಮ್ಯಾನಿಫೋಲ್ಡ್ ಇನ್ನೂ ಕಟ್ಟಿದೆ, ನೀವೇ ಟಾರ್ಚಲ್ಲಿ ನೋಡಿದ್ದೀರಿ. ಮೊದಲು ಒಳಗೆ ಹೋಗೋ ಗಾಳಿ ಅಳೆಯೋ ಏರ್ ಮೀಟರ್‌ನ ಅದಕ್ಕೇ ಇರೋ ಕ್ಲೀನರಿಂದ ತೊಳೆದು ಮತ್ತೊಮ್ಮೆ ಓದಿ, ಸಂಖ್ಯೆ ಅಷ್ಟೇ ಇದ್ರೆ ಮ್ಯಾನಿಫೋಲ್ಡ್ ಕೆಳಗಿಳಿಸ್ಬೇಕು. ಒಂದು ದಿನದ ಕೆಲಸ. ಸೀಮೆಎಣ್ಣೆ ಅಥವಾ ಡೀಸೆಲಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕೆರೆದು, ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕೋದು. ಹೆಡ್ ಕಡೆಯ ಬಾಯಿಗಳಿಗೆ ಬಟ್ಟೆ ತುರುಕಿ ಇಡ್ಬೇಕು, ಒಂದು ಚೂರು ಮಸಿನೂ ಒಳಗೆ ಬೀಳಬಾರದು. ಎಷ್ಟು ಬಟ್ಟೆ ತುರುಕಿದ್ರಿ ಅಂತ ಬರೆದಿಟ್ಕೊಳ್ಳಿ, ಹಾಕುವಾಗ ಅಷ್ಟೂ ಹೊರಗೆ ಬಂದಿರ್ಬೇಕು.

ಆಯಿಲ್ ಮಟ್ಟನೂ ನೋಡಿ. ಡಿಪ್ ಸ್ಟಿಕ್‌ನ ಮೇಲಿನ ಗೆರೆ ದಾಟಿ ತುಂಬಿಸೋ ಅಭ್ಯಾಸ ನಮ್ಮ ಕಡೆ ಇದೆ, ಜಾಸ್ತಿ ಇದ್ರೆ ಒಳ್ಳೇದು ಅಂತ. ಜಾಸ್ತಿ ಆದಷ್ಟೂ ಆವಿ ಜಾಸ್ತಿ, ಇನ್‌ಟೇಕಲ್ಲಿ ಅಂಟು ಜಾಸ್ತಿ. ಆ ಆವಿ ಇನ್‌ಟೇಕ್‌ಗೆ ಹೋಗೋ ಬ್ರೀದರ್ ಪೈಪ್ ಕೂಡ ತೊಳೆಸಿ. ಆಮೇಲೆ ವಾರಕ್ಕೊಮ್ಮೆ ಕುಶಾಲನಗರದಿಂದ ಪಿರಿಯಾಪಟ್ಟಣ ಕಡೆ ಆ ನೇರ ರಸ್ತೆಯಲ್ಲಿ, ಎಂಜಿನ್ ಬಿಸಿ ಆದ ಮೇಲೆ, ಒಂದು ಗೇರ್ ಕೆಳಗಿಟ್ಟು 2,500 ಆರ್‌ಪಿಎಂ ಮೇಲೆ ಇಪ್ಪತ್ತು ನಿಮಿಷ ಓಡಿಸಿ. ಗಟ್ಟಿ ಮಸಿ ಅದರಿಂದ ಹೋಗಲ್ಲ, ಹೊಸದು ಒದ್ದೆಯಾಗಿ ಕೂರೋದು ಕಡಿಮೆ ಆಗುತ್ತೆ.

ಪಾಲಿಬೆಟ್ಟ ಬೆಳೆಗಾರ

ಗೊಬ್ಬರ ತರೋಕೆ ಹೇಗೂ ಆ ಕಡೆ ಹೋಗ್ತೀವಿ, ಪಿಕಪ್ ಬದಲು ಇದನ್ನೇ ತಗೊಂಡು ಹೋಗ್ತೀನಿ. ಮ್ಯಾನಿಫೋಲ್ಡ್ ಕೆಲಸ ಮಳೆಗೆ ಮೊದಲೇ ಮುಗಿಸ್ಬೇಕು. ನಿಮ್ಮ ಹತ್ರಾನೇ ತರಲಾ?

ಗೋಣಿಕೊಪ್ಪ ಮೆಕ್ಯಾನಿಕ್

ತನ್ನಿ. ಅದಕ್ಕೆ ಮೊದಲು ಇನ್‌ಟೇಕ್ ಮ್ಯಾನಿಫೋಲ್ಡ್ ಪ್ಯಾಕಿಂಗ್, ಇಜಿಆರ್ ಪೈಪಿನ ಎರಡು ಪ್ಯಾಕಿಂಗ್, ನಾಲ್ಕು ಸ್ಟಡ್ ಆರ್ಡರ್ ಮಾಡಿ ಕೈಗೆ ಬಂದ ಮೇಲೆ ಫೋನ್ ಮಾಡಿ. ಚಾಸಿ ನಂಬರ್ ಕೊಟ್ಟೇ ತರಿಸಿ, ಈ ಎಂಜಿನ್‌ಗೆ ಎರಡು ಥರ ಮ್ಯಾನಿಫೋಲ್ಡ್ ಬಂದಿದೆ. ಶುಕ್ರವಾರ ಸಂಜೆ ಗಾಡಿ ಬಿಟ್ರೆ ಭಾನುವಾರ ಮಧ್ಯಾಹ್ನ ಕೊಡ್ತೀನಿ.